ಆಲ್‌ದೋ ಬಂದ ಮೇಲೆ ಬಟ್ ಯಾಕೆ?

'ಆಲ್‌ದೋ ಐ ವಾಸ್ ಸಿಕ್, ಬಟ್ ಐ ಫಿನಿಶ್ಡ್ ದಿ ವರ್ಕ್.' ಇಂಥ ವಾಕ್ಯವನ್ನ ನಾನು ವರ್ಷಗಟ್ಟಲೆ ಮೇಲ್‌ಗಳಲ್ಲಿ ಬರೆದೆ. ಅಪ್ರೈಸಲ್ ಫಾರ್ಮ್‌ನಲ್ಲೂ ಬರೆದಾಗ ಮ್ಯಾನೇಜರ್ 'ಬಟ್'ಗೆ ಗೆರೆ ಎಳೆದು ವಾಪಸ್ ಕಳಿಸಿದ್ರು.

ತಪ್ಪು ಗೊತ್ತಾಗಿದ್ದು ಕನ್ನಡದಲ್ಲಿ ಯೋಚಿಸಿದಾಗ. 'ಹುಷಾರಿರಲಿಲ್ಲ, ಆದರೆ ಕೆಲಸ ಮುಗಿಸಿದೆ' ಅಂತೀವಿ. 'ಹುಷಾರಿಲ್ಲದಿದ್ದರೂ ಮುಗಿಸಿದೆ' ಅಂತಲೂ ಅಂತೀವಿ. 'ಇಲ್ಲದಿದ್ದರೂ ಆದರೆ' ಅಂತ ಯಾರಾದ್ರೂ ಅಂತಾರಾ? ಆ ಕೊನೆಯ 'ರೂ' ಮಾಡೋ ಕೆಲಸವೇ ಆಲ್‌ದೋದು. ಎರಡರಲ್ಲಿ ಒಂದು ಸಾಕು. ಒತ್ತಿ ಹೇಳಬೇಕಿದ್ರೆ 'ಐ ಸ್ಟಿಲ್ ಫಿನಿಶ್ಡ್' ಅನ್ನಿ, ಅದು ಸರಿ.

'ಡಿಸ್ಪೈಟ್ ಆಫ್' ಇನ್ನೊಂದು ಎಡವಟ್ಟು. ಆಫ್ ಬೇಕಿರೋದು 'ಇನ್ ಸ್ಪೈಟ್'ಗೆ. ಮಳೆಗೆ 'ಡಿಸ್ಪೈಟ್ ದಿ ರೇನ್' ಸಾಕು. ಪೂರ್ತಿ ವಾಕ್ಯ ಬೇಕಿದ್ರೆ 'ಆಲ್‌ದೋ ಇಟ್ ವಾಸ್ ರೇನಿಂಗ್'.