ದಾಳ ಉರುಳಿಸುವ ಮುನ್ನ ಪ್ರಸಂಗ ಓದಿ

ನಿಮ್ಮ ಮನೆಯಲ್ಲಿ ಹತ್ತು ವರ್ಷ ದಾಟಿದ ಮಕ್ಕಳಿದ್ದರೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತದೆ. ನಾಲ್ಕೈದು ಜನ ಊಟದ ಮೇಜಿನ ಸುತ್ತ ಕೂತು, ಇಪ್ಪತ್ತು ಮುಖದ ದಾಳ ಉರುಳಿಸುತ್ತಾ, ಮೂರು ಗಂಟೆ ಹೊತ್ತು ಏನೋ ಜೋರಾಗಿ ಮಾತಾಡುತ್ತಿರುತ್ತಾರಲ್ಲ, ಅದೇ ಆಟ. ನಾನು ಹನ್ನೊಂದನೇ ತರಗತಿಯಲ್ಲಿದ್ದೇನೆ. ಎರಡು ವರ್ಷದಿಂದ ನನ್ನ ಗೆಳೆಯರ ಗುಂಪಿಗೆ ಈ ಆಟ ನಡೆಸಿಕೊಡುತ್ತಿದ್ದೇನೆ. ಇದರೊಳಗೆ ನಮ್ಮ ಪುರಾಣದವರೂ ಇದ್ದಾರೆ, ಬೇರೆಯವರ ಪುರಾಣದವರೂ ಇದ್ದಾರೆ. ಅವರನ್ನೆಲ್ಲ ಹೇಗೆ ನಡೆಸಿಕೊಳ್ಳಬೇಕು ಎಂಬುದರ ಬಗ್ಗೆ ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕು.

ಇದು ಒಂಥರಾ ತಾಳಮದ್ದಲೆ

ಆಟ ಗೊತ್ತಿಲ್ಲದ ಅಪ್ಪ ಅಮ್ಮಂದಿರಿಗೆ ನಾನು ಹೀಗೆ ವಿವರಿಸುತ್ತೇನೆ. ನೀವು ತಾಳಮದ್ದಲೆ ನೋಡಿದ್ದೀರಾ? ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕೂತಲ್ಲೇ ಕೂತು, ಒಬ್ಬರು ಕೃಷ್ಣ, ಇನ್ನೊಬ್ಬರು ಕೌರವ ಎಂದು ಪಾತ್ರ ವಹಿಸಿಕೊಂಡು, ಬರೆದಿಟ್ಟ ಸಂಭಾಷಣೆ ಇಲ್ಲದೆ ಆ ಕ್ಷಣಕ್ಕೆ ಹೊಳೆದದ್ದನ್ನು ಮಾತಾಡುತ್ತಾರೆ. ಭಾಗವತರು ಪದ ಹಾಡಿ ಕಥೆಯನ್ನು ಮುಂದೆ ನಡೆಸುತ್ತಾರೆ.

ರೋಲ್‌ಪ್ಲೇಯಿಂಗ್ ಗೇಮ್ ಕೂಡ ಹೆಚ್ಚು ಕಡಿಮೆ ಹೀಗೇ. ಆಟಗಾರರು ಒಂದೊಂದು ಪಾತ್ರ ವಹಿಸುತ್ತಾರೆ. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಇರುತ್ತಾರೆ. ತಾಳಮದ್ದಲೆಯಲ್ಲಿ ಕಥೆ ಎಲ್ಲಿ ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಇಲ್ಲಿ ಯಾರಿಗೂ ಗೊತ್ತಿಲ್ಲ, ಅದನ್ನು ದಾಳ ಹೇಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಈ ಆಟದ ಮೊದಲ ಪುಸ್ತಕಗಳನ್ನು ಹೊರತಂದರು.

ಹುಲಿ ಮುಖ ಎಲ್ಲಿಂದ ಬಂತು?

ಈ ಆಟದ ಪ್ರಾಣಿ-ಪಿಶಾಚಿಗಳ ಪುಸ್ತಕಕ್ಕೆ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂದು ಹೆಸರು. 1977ರ ಮೊದಲ ಆವೃತ್ತಿಯಲ್ಲೇ ‘ರಾಕ್ಷಸ’ ಇದ್ದಾನೆ, ಅದೇ ಹೆಸರಿನಲ್ಲಿ. ಆದರೆ ಅವನಿಗೆ ಹುಲಿಯ ತಲೆ. ಮೈಮೇಲೆ ಶ್ರೀಮಂತರ ಉಡುಪು, ಬಾಯಲ್ಲಿ ಪೈಪು. ಈಗಿನ ಪುಸ್ತಕಗಳಲ್ಲಿ ಅವನ ಅಂಗೈಗಳು ಹಿಂದಕ್ಕೆ ತಿರುಗಿವೆ. ಮಂತ್ರಿಸಿದ ಕ್ರಾಸ್‌ಬೋ ಬಾಣ ತಗುಲಿದರೆ ಸತ್ತುಹೋಗುತ್ತಾನೆ ಎಂದು ಆ ಹಳೆಯ ಪುಸ್ತಕ ಹೇಳುತ್ತದೆ.

ನಮ್ಮ ಯಾವ ಪುರಾಣದಲ್ಲಿ ಈ ಬಾಣ ಇದೆ? ಯಾವುದರಲ್ಲೂ ಇಲ್ಲ. ಅದು ‘ಕೋಲ್ಚಾಕ್: ದಿ ನೈಟ್ ಸ್ಟಾಕರ್’ ಎಂಬ ಅಮೆರಿಕದ ಟೀವಿ ಧಾರಾವಾಹಿಯ 1974ರ ಒಂದು ಕಂತಿನಿಂದ ಬಂದದ್ದು. ಐವತ್ತು ವರ್ಷದ ಹಿಂದಿನ ಆ ಒಂದು ಕಂತಿನ ನೆರಳು ಇವತ್ತಿಗೂ ಆಟದ ರಾಕ್ಷಸನ ಮೇಲಿದೆ.

ಈಗ ನಮ್ಮ ರಾಕ್ಷಸರನ್ನು ನೆನಪಿಸಿಕೊಳ್ಳಿ. ರಾವಣ ಶಿವನ ಮಹಾಭಕ್ತ. ಆತ್ಮಲಿಂಗವನ್ನು ಲಂಕೆಗೆ ಒಯ್ಯಲು ಹೊರಟು, ಗಣಪತಿಯ ಜಾಣತನದಿಂದ ಅದನ್ನು ಗೋಕರ್ಣದಲ್ಲೇ ಬಿಟ್ಟು ಹೋದವನು. ವಿಭೀಷಣ ಧರ್ಮದ ಪಕ್ಷಕ್ಕೆ ಬಂದವನು. ಹಿಡಿಂಬೆ ಭೀಮನನ್ನು ಮದುವೆಯಾದವಳು. ಮನಾಲಿಯಲ್ಲಿ ಅವಳಿಗೆ ದೇವಸ್ಥಾನವೇ ಇದೆ. ಅವಳ ಮಗ ಘಟೋತ್ಕಚ ಪಾಂಡವರಿಗಾಗಿ ಪ್ರಾಣ ಕೊಟ್ಟ. ಆಟದ ಪುಸ್ತಕದಲ್ಲಿ ಮಾತ್ರ ‘ರಾಕ್ಷಸ’ ಎಂದರೆ ಒಂದೇ ಸ್ವಭಾವ: ಕೆಟ್ಟವನು.

ಅದರಿಂದ ನಮಗೇನು ನಷ್ಟ ಎಂದು ನೀವು ಕೇಳಬಹುದು. ನನ್ನ ಎಂಟು ವರ್ಷದ ತಮ್ಮನಿಗೆ ರಾವಣನ ಚಿತ್ರ ಬಿಡಿಸು ಎಂದರೆ ಹತ್ತು ಹುಲಿ ತಲೆ ಬಿಡಿಸಿದ್ದ. ಶಿರಸಿಯಲ್ಲಿರುವ ನಮ್ಮ ಅಜ್ಜಿ ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ, “ಇದೆಂಥದೋ ಮಾರಾಯ!” ಎಂದು ಬಿದ್ದು ಬಿದ್ದು ನಕ್ಕರು. ಆಮೇಲೆ ನಗು ನಿಲ್ಲಿಸಿ ಗೋಕರ್ಣದ ಕಥೆಯನ್ನು ಮೊದಲಿಂದ ಕೊನೆಯವರೆಗೆ ಹೇಳಿದರು. ಅಜ್ಜಿ ಹೇಳಬೇಕಾದ ಕಥೆಗಿಂತ ಮೊದಲು ಆಟದ ಚಿತ್ರ ಅವನ ತಲೆಯೊಳಗೆ ಕೂತಿತ್ತು. ನನ್ನ ಕ್ಲಾಸಿನ ಹೆಚ್ಚಿನವರಿಗೆ ಗೊತ್ತಿರುವುದು ಆ ಚಿತ್ರ ಒಂದೇ. ಅದನ್ನು ಸರಿಪಡಿಸಲು ಅವರ ಮನೆಯಲ್ಲಿ ನಮ್ಮ ಅಜ್ಜಿ ಇಲ್ಲ.

ಕಾಳಿಗೆ ಎಷ್ಟು ಹಿಟ್ ಪಾಯಿಂಟ್?

1980ರಲ್ಲಿ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ಪುಸ್ತಕ ಬಂತು. ಗ್ರೀಕ್, ಈಜಿಪ್ಟ್, ನಾರ್ಸ್ ದೇವತೆಗಳ ಜೊತೆಗೆ ಇಂದ್ರ, ಅಗ್ನಿ, ವಿಷ್ಣು, ಕಾಳಿ ಎಲ್ಲರಿಗೂ ಅದರಲ್ಲಿ ಹಿಟ್ ಪಾಯಿಂಟ್ ಕೊಟ್ಟಿದ್ದರು. ಹಿಟ್ ಪಾಯಿಂಟ್ ಎಂದರೆ ಎಷ್ಟು ಏಟು ತಿಂದರೆ ಸಾಯುತ್ತಾರೆ ಎನ್ನುವ ಲೆಕ್ಕ. ಒಂದು ಸಂಖ್ಯೆ ಕೊಟ್ಟ ಮೇಲೆ ಅದನ್ನು ಸೊನ್ನೆಗೆ ಇಳಿಸಬೇಕು ಎಂದು ಆಟಗಾರರಿಗೆ ಅನ್ನಿಸುವುದು ಸಹಜ.

ನಮ್ಮ ಗುಂಪಿನಲ್ಲೂ ಒಬ್ಬ ಗೆಳೆಯ ಕೇಳಿದ: “ಕೊನೆಯ ಯುದ್ಧ ಕಾಳಿಯ ಜೊತೆ ಇರಲಿ.” ಅವನಿಗೆ ಯಾರನ್ನೂ ನೋಯಿಸುವ ಉದ್ದೇಶ ಇರಲಿಲ್ಲ. ಕಾಳಿ ಎಂದರೆ ಅವನಿಗೆ ನಾಲಗೆ ಚಾಚಿದ ಒಂದು ಭಯಂಕರ ಚಿತ್ರ, ಅಷ್ಟೇ. ನಾನು ಅವನಿಗೆ ಶಿರಸಿಯ ಮಾರಿಕಾಂಬಾ ಜಾತ್ರೆಯ ಬಗ್ಗೆ ಹೇಳಿದೆ. ಎರಡು ವರ್ಷಕ್ಕೊಮ್ಮೆ ದೇವಿಯ ರಥ ಎಳೆಯುತ್ತಾರೆ. ಊರಿಗೆ ಊರೇ ಸೇರುತ್ತದೆ. ಅಲ್ಲಿ ಆ ಉಗ್ರ ರೂಪದ ದೇವಿಯನ್ನು ಎಲ್ಲರೂ ಕರೆಯುವುದು ಅಮ್ಮ ಎಂದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಜಾತ್ರೆಯನ್ನೇ ಆಟಕ್ಕೆ ತರೋಣ” ಎಂದ.

ಹಾಗೇ ಮಾಡಿದೆವು. ನಾನು ಕಟ್ಟಿದ ಕಾಲ್ಪನಿಕ ಊರಿನಲ್ಲಿ ರಥ ಹೊರಡಬೇಕು, ಅದನ್ನು ತಡೆಯಲು ಕಳ್ಳರು ಹೊಂಚು ಹಾಕಿದ್ದಾರೆ, ಆಟಗಾರರು ಕಾವಲುಗಾರರು. ದೇವಿಗೆ ಯಾವ ಅಂಕಿಯೂ ಇರಲಿಲ್ಲ, ಯಾವ ಮಾತೂ ಇರಲಿಲ್ಲ. ಆದರೆ ರಥ ಬೀದಿಗೆ ಬಂದಾಗ ಮೇಜಿನ ಸುತ್ತ ಒಬ್ಬರೂ ಉಸಿರೆತ್ತಲಿಲ್ಲ. ನಾನು ನಡೆಸಿದ ಆಟಗಳಲ್ಲಿ ಅದೇ ಎಲ್ಲರಿಗೂ ಹೆಚ್ಚು ಇಷ್ಟವಾದದ್ದು.

ಬೇರೆಯವರ ಅಜ್ಜಿಯ ಕಥೆ

ನಮ್ಮದನ್ನು ಸರಿಯಾಗಿ ತೋರಿಸಿ ಎಂದು ಕೇಳುವ ನಾವು ಬೇರೆಯವರದನ್ನು ಹೇಗೆ ಬಳಸುತ್ತೇವೆ? ನಾವಿರುವ ಒಂಟಾರಿಯೊ ಅನಿಶಿನಾಬೆ ಮೊದಲಾದ ಮೂಲನಿವಾಸಿಗಳ ನೆಲ. ಅವರ ಕಥೆಗಳಲ್ಲಿ ವಿಂಡಿಗೊ ಎಂಬುದು ಚಳಿಗಾಲದ ಹಸಿವಿನ, ತೀರದ ದುರಾಸೆಯ ರೂಪ. ಉಳಿದವರು ಹಸಿದಿರುವಾಗ ತಾನೊಬ್ಬನೇ ತಿನ್ನುವವನಿಗೆ ಅದು ಎಚ್ಚರಿಕೆ. ಆಟಗಳಲ್ಲಿ, ಸಿನಿಮಾಗಳಲ್ಲಿ ಅದು ಜಿಂಕೆಯ ತಲೆಬುರುಡೆ, ಕವಲೊಡೆದ ಕೊಂಬು ಹೊತ್ತ ಒಂದು ದೆವ್ವ. ಆ ಕೊಂಬು ಹೊರಗಿನವರು ಸೇರಿಸಿದ್ದು, ನಮ್ಮ ರಾಕ್ಷಸನ ಹುಲಿ ತಲೆಯ ಹಾಗೆಯೇ.

ಇನ್ನೊಂದು ಉದಾಹರಣೆ ಕೇಳಿ. ಆಟದಲ್ಲಿ ‘ಲಿಚ್’ ಎಂಬ ಸತ್ತು ಬದುಕಿದ ಮಾಂತ್ರಿಕ ತನ್ನ ಪ್ರಾಣವನ್ನು ಬಚ್ಚಿಡುವ ಪೆಟ್ಟಿಗೆಗೆ ಬಹಳ ವರ್ಷ ‘ಫಿಲಾಕ್ಟರಿ’ ಎಂಬ ಹೆಸರಿತ್ತು. ಯಹೂದಿಗಳು ಪ್ರಾರ್ಥನೆಯ ಹೊತ್ತಿನಲ್ಲಿ ಹಣೆಗೂ ತೋಳಿಗೂ ಕಟ್ಟಿಕೊಳ್ಳುವ ಪವಿತ್ರ ಪೆಟ್ಟಿಗೆಯನ್ನು ಇಂಗ್ಲಿಷಿನಲ್ಲಿ ಕರೆಯುವುದು ಇದೇ ಹೆಸರಿನಿಂದ. ಈಗಿನ ಹೊಸ ಪುಸ್ತಕಗಳಲ್ಲಿ ಆ ಪದವನ್ನು ಬದಲಿಸಿದ್ದಾರೆ. ಪದ ಬದಲಾಯಿತು, ಲಿಚ್ ಮೊದಲಿನಷ್ಟೇ ಭಯಂಕರವಾಗಿ ಉಳಿದ. ಆಟಕ್ಕೆ ಏನೂ ಕಮ್ಮಿಯಾಗಲಿಲ್ಲ.

ಒಳ್ಳೆಯ ಕೆಲಸಗಳೂ ನಡೆಯುತ್ತಿವೆ. 2014ರ ‘ನೆವರ್ ಅಲೋನ್’ ಎಂಬ ವಿಡಿಯೋ ಗೇಮ್ ಅನ್ನು ಅಲಾಸ್ಕಾದ ಇನ್ಯೂಪಿಯಾಕ್ ಜನರ ಹಿರಿಯರನ್ನೂ ಕಥೆಗಾರರನ್ನೂ ಜೊತೆಗಿಟ್ಟುಕೊಂಡೇ ಮಾಡಿದರು. ಕಥೆ ಹೇಳುವ ಧ್ವನಿಯೂ ಅವರ ಭಾಷೆಯಲ್ಲೇ ಇದೆ. 2022ರ ‘ಕೊಯೋಟಿ ಅಂಡ್ ಕ್ರೋ’ ಮೂಲನಿವಾಸಿಗಳೇ ಮುಂದೆ ನಿಂತು ಬರೆದ ಆಟ. ಅದೇ ವರ್ಷ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ‘ರೇಡಿಯಂಟ್ ಸಿಟಡೆಲ್’ ಸಂಕಲನದಲ್ಲಿ ಬಂಗಾಳದ ಮಿಮಿ ಮೊಂಡಲ್ ತಮ್ಮ ನಾಡಿನ ನೆನಪಿನಿಂದ ಒಂದು ಕಥೆ ಬರೆದರು. ಪುಣೆಯ ತಂಡವೊಂದು 2020ರಲ್ಲಿ ತಂದ ‘ರಾಜಿ’ ಗೇಮಿನಲ್ಲಿ ಕಥೆ ಮುಂದುವರಿಯುವುದು ನಮ್ಮ ತೊಗಲುಗೊಂಬೆಯಾಟವನ್ನು ನೆನಪಿಸುವ ನೆರಳಿನ ಗೊಂಬೆಗಳಿಂದ.

ಹಾಗಾದರೆ ಏನು ಮಾಡೋಣ?

“ಬರೀ ಆಟ ತಾನೇ, ಬಿಡು” ಎನ್ನುವ ಗೆಳೆಯರಿದ್ದಾರೆ. “ದೇವರನ್ನು ಆಟಕ್ಕೆ ತರಲೇಬೇಡಿ” ಎನ್ನುವ ಹಿರಿಯರೂ ಇದ್ದಾರೆ. ಇಬ್ಬರಿಗೂ ನಾನು ತೋರಿಸುವುದು ಯಕ್ಷಗಾನವನ್ನೇ. ಅಲ್ಲಿ ದೇವರೂ ಪಾತ್ರ, ರಾಕ್ಷಸನೂ ಪಾತ್ರ, ಹಾಸ್ಯವೂ ಬೇಕಾದಷ್ಟಿದೆ. ಆದರೂ ಬಣ್ಣ ಹಚ್ಚುವ ಚೌಕಿಯಲ್ಲಿ ಗಣಪತಿಗೆ ಪೂಜೆ ಆಗದೆ ಆಟ ಶುರುವಾಗುವುದಿಲ್ಲ. ಅದರಿಂದ ನಾನು ಕಲಿತ ಮೂರು ಅಭ್ಯಾಸಗಳು ಇವು.

ಒಂದು, ಪ್ರಸಂಗ ಓದಿ. ಅರ್ಥಧಾರಿ ಪ್ರಸಂಗ ಓದದೆ ಕೂರುವುದಿಲ್ಲ. ನೀವೂ ಆಟದ ಪುಸ್ತಕದ ನಾಲ್ಕು ಸಾಲು ನೋಡಿ ನಿಲ್ಲಿಸಬೇಡಿ. ಆ ಕಥೆ ಯಾರದು, ಅವರು ಅದನ್ನು ಹೇಗೆ ಹೇಳುತ್ತಾರೆ ಎಂದು ಹುಡುಕಿ.

ಎರಡು, ರಾಕ್ಷಸನಿಗೂ ಅರ್ಥ ಹೇಳಲು ಬಿಡಿ. ತೆರೆಯ ಹಿಂದಿನಿಂದ ಅಬ್ಬರಿಸುತ್ತಾ ಬರುವ ಬಣ್ಣದ ವೇಷ ಕೂಡ ತನ್ನ ಪಕ್ಷದ ಮಾತನ್ನು ಆಡಿಯೇ ಯುದ್ಧಕ್ಕೆ ಹೋಗುತ್ತದೆ. ಕಾರಣವಿರುವ ಎದುರಾಳಿ ಸಿಕ್ಕರೆ ನಿಮ್ಮ ಆಟವೂ ಚೆನ್ನಾಗಿರುತ್ತದೆ.

ಮೂರು, ಇವತ್ತು ಇವರ ಮುಂದೆ ಯಾರಾದರೂ ದೀಪ ಹಚ್ಚುತ್ತಾರಾ ಎಂದು ಕೇಳಿಕೊಳ್ಳಿ. ಹಚ್ಚುತ್ತಾರೆ ಎಂದಾದರೆ ಅವರನ್ನು ಕೊಲ್ಲುವ ಗುರಿಯಾಗಿ ಇಡಬೇಡಿ. ಉತ್ತರ ನಿಮಗೆ ಆಶ್ಚರ್ಯ ತರಬಹುದು: ಥಾರ್, ಓಡಿನ್‌ರನ್ನು ನಂಬುವವರ ಸಂಘ ಐಸ್‌ಲ್ಯಾಂಡಿನಲ್ಲಿ 1972ರಿಂದ ಇದೆ. ತುಳುನಾಡಿನ ಪಂಜುರ್ಲಿ, ಗುಳಿಗ ದೈವಗಳಿಗೆ ಇವತ್ತಿಗೂ ಕೋಲ ನಡೆಯುತ್ತದೆ. ದೈವದ ವೇಷವನ್ನು ಅನುಕರಿಸಬೇಡಿ ಎಂದು ಅಲ್ಲಿನವರು ಮತ್ತೆ ಮತ್ತೆ ಕೇಳಿಕೊಂಡಿದ್ದಾರೆ. ಆ ಮಾತಿಗೆ ಬೆಲೆ ಕೊಡೋಣ. ನಿಮಗೆ ಬೇಕಾದಂತೆ ಹೊಸ ದೇವರನ್ನು, ಹೊಸ ಭೂತವನ್ನು ಕಟ್ಟಲು ಈ ಆಟದಲ್ಲಿ ಯಾವ ಅಡ್ಡಿಯೂ ಇಲ್ಲ.

ಅಪ್ಪ ಅಮ್ಮಂದಿರಲ್ಲಿ ಒಂದೇ ಕೋರಿಕೆ. ಮುಂದಿನ ಸಲ ಮಕ್ಕಳು ದಾಳ ಹಿಡಿದು ಕೂತಾಗ ಹತ್ತು ನಿಮಿಷ ಪಕ್ಕದಲ್ಲಿ ಕೂತು, “ಈ ಪಾತ್ರ ಯಾವುದು? ಎಲ್ಲಿಂದ ಬಂತು?” ಎಂದು ಕೇಳಿ. ಅದು ನಿಮಗೆ ಗೊತ್ತಿರುವ ಕಥೆಯಾದರೆ, ನೀವು ಕೇಳಿದ ಹಾಗೆ ಹೇಳಿ. ನಮ್ಮ ಮೇಜಿನಲ್ಲಿ ಒಂದು ಕುರ್ಚಿ ಯಾವಾಗಲೂ ಖಾಲಿ ಇರುತ್ತದೆ.