ಸಂಯುಕ್ತ ರಂಗದ ಮೊದಲ ಆರು ತಿಂಗಳು

1996ರ ಜೂನ್ 1ರಂದು ಶ್ರೀ ದೇವೇಗೌಡರು ಪ್ರಧಾನಮಂತ್ರಿಗಳಾಗಿ ಪ್ರಮಾಣವಚನ ಸ್ವೀಕರಿಸಿದಾಗ, ಈ ಮಂತ್ರಿಮಂಡಲವು ಶ್ರಾವಣವನ್ನು ಕಾಣಲಾರದೆಂದು ನುಡಿದವರು ಹಲವರು. ಹದಿಮೂರು ಪಕ್ಷಗಳ ಕೂಟ. ಹೊರಗಿನಿಂದ ಕಾಂಗ್ರೆಸ್ಸಿನ ಆಸರೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬ ಗಾದೆ ಎಲ್ಲರ ಬಾಯಲ್ಲಿಯೂ ಸಿದ್ಧವಾಗಿಯೇ ಇದ್ದಿತು. ಆದರೆ ಆ ಸರ್ಕಾರದ ಮೊದಲ ಆರು ತಿಂಗಳ ಕೆಲಸವನ್ನು ಈಗ ನಿಧಾನವಾಗಿ ತೂಗಿ ನೋಡಿದಲ್ಲಿ, ಆ ಗಾದೆಯು ಸಂಪೂರ್ಣವಾಗಿ ಅನ್ವಯಿಸುವುದಿಲ್ಲವೆಂದು ನಮಗೆ ತೋರುತ್ತದೆ.

ಸಮಾನ ಕನಿಷ್ಠ ಕಾರ್ಯಕ್ರಮವು ಜೂನ್ ಮೊದಲ ವಾರದಲ್ಲಿಯೇ ಹೊರಬಿದ್ದಿತು. ಕಮ್ಯೂನಿಸ್ಟರಾದ ಇಂದ್ರಜಿತ್ ಗುಪ್ತರು ಗೃಹಮಂತ್ರಿಗಳಾದರು. ಉದಾರ ಅರ್ಥನೀತಿಯ ಚಿದಂಬರಂ ಅವರು ಹಣಕಾಸನ್ನು ವಹಿಸಿಕೊಂಡರು. ಒಂದೇ ಪಂಕ್ತಿಯಲ್ಲಿ ಇವರಿಬ್ಬರಿಗೂ ಎಲೆ ಹಾಕಿದ್ದು ಸಾಮಾನ್ಯ ಸಾಹಸವಲ್ಲ. ಜುಲೈಯಲ್ಲಿ ಡೀಸೆಲ್ಲಿನ ಬೆಲೆಯನ್ನೇರಿಸಿ, ಮಿತ್ರಪಕ್ಷಗಳೇ ಕೂಗೆಬ್ಬಿಸಲು, ಕೆಲವೇ ದಿನಗಳಲ್ಲಿ ಏರಿಕೆಯನ್ನು ಅರ್ಧಕ್ಕಿಳಿಸಬೇಕಾಯಿತು. ಮೊದಲೇ ಕೂಡಿ ಆಲೋಚಿಸಿದ್ದರೆ ಈ ಮುಖಭಂಗ ತಪ್ಪುತ್ತಿತ್ತು.

ಕನ್ನಡಿಗರಾದ ನಮಗೆ ಹೆಚ್ಚು ತಟ್ಟಿದ್ದು ಆಲಮಟ್ಟಿಯ ವಿಷಯ. ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸಬೇಕೆಂಬುದು ಕರ್ನಾಟಕದ ಯೋಜನೆ. ಅದನ್ನು ವಿರೋಧಿಸಿದವರು ಆಂಧ್ರದ ಚಂದ್ರಬಾಬು ನಾಯಿಡುಗಳು. ಅವರು ರಂಗದ ಕಂಬಗಳಲ್ಲೊಬ್ಬರು. ಪ್ರಧಾನಮಂತ್ರಿಗಳೋ ಹಾಸನದ ರೈತರ ಮನೆಯಿಂದ ಬಂದವರು. ಪಕ್ಷಪಾತದ ಅಪವಾದಕ್ಕೂ ನಾಡಿನವರ ನಿಷ್ಠುರಕ್ಕೂ ನಡುವೆ ಸಿಕ್ಕ ಅವರಿಗೆ ಅತ್ತ ದರಿ, ಇತ್ತ ಪುಲಿ. ರಂಗವು ಪಶ್ಚಿಮ ಬಂಗಾಳ, ತಮಿಳುನಾಡು, ಬಿಹಾರ, ಅಸ್ಸಾಮುಗಳ ಮುಖ್ಯಮಂತ್ರಿಗಳ ಸಮಿತಿಯೊಂದನ್ನು ನೇಮಿಸಿತು. ತಂಟೆ ತೀರಲಿಲ್ಲ ನಿಜ. ಸರ್ವೋಚ್ಚ ನ್ಯಾಯಾಲಯವು 519.6 ಮೀಟರಿಗೆ ಅನುಮತಿ ಕೊಟ್ಟದ್ದು 2000ದಲ್ಲಿ. ಆದರೂ ನದಿಯ ಜಗಳಕ್ಕಾಗಿ ಯಾರೂ ಕೂಟವನ್ನು ಮುರಿಯಲಿಲ್ಲವೆಂಬುದನ್ನು ಮರೆಯಲಾಗದು.

ಮಿಕ್ಕ ಕೆಲಸಗಳು ಈ ಗದ್ದಲದಲ್ಲಿ ಮರೆಯಾದವು. ಅಣ್ವಸ್ತ್ರ ಪರೀಕ್ಷಾ ನಿಷೇಧದ ಒಪ್ಪಂದಕ್ಕೆ ಸಹಿ ಹಾಕೆವೆಂದು ಜಿನೀವಾದಲ್ಲಿ ದೃಢವಾಗಿ ಹೇಳಲಾಯಿತು. 1987ರ ತರುವಾಯ ಮೊದಲ ಬಾರಿಗೆ ಕಾಶ್ಮೀರದಲ್ಲಿ ಶಾಸನಸಭೆಯ ಚುನಾವಣೆ ನಡೆದು ಫಾರೂಕ್ ಅಬ್ದುಲ್ಲಾ ಅವರು ಅಧಿಕಾರ ವಹಿಸಿದರು. ಡಿಸೆಂಬರ್ 12ರಂದು ಬಾಂಗ್ಲಾದೇಶದೊಡನೆ ಗಂಗೆಯ ನೀರಿನ ಹಂಚಿಕೆಗೆ ಮೂವತ್ತು ವರ್ಷಗಳ ಒಪ್ಪಂದವಾಯಿತು. ಏಕಪಕ್ಷದ ಬಲಿಷ್ಠ ಸರ್ಕಾರಗಳಿಂದಲೂ ಆಗದೆ ಉಳಿದಿದ್ದ ಕಾರ್ಯವಿದು. ಮಹಿಳಾ ಮೀಸಲಾತಿಯ ಮಸೂದೆ ಮಾತ್ರ ಸೆಪ್ಟೆಂಬರಿನಲ್ಲಿ ಮಂಡಿತವಾಗಿ ಸಮಿತಿಯ ಪಾಲಾಯಿತು. ಅಲ್ಲಿ ರಂಗದೊಳಗಿನವರ ಮನಸ್ಸೇ ಒಂದಾಗಿರಲಿಲ್ಲ.

ಹಾಗಾದರೆ ಕೆಡಹಿದವರು ಯಾರು? ಒಳಗಿನವರಲ್ಲ. 1997ರ ಮಾರ್ಚ್ 30ರಂದು ಸೀತಾರಾಮ ಕೇಸರಿಯವರು ಬೆಂಬಲವನ್ನು ಹಿಂತೆಗೆದುಕೊಂಡರು. ಏಪ್ರಿಲ್ 11ರಂದು ವಿಶ್ವಾಸಮತ ಸೋತಿತು. ಆಡಳಿತದ ಹೊಣೆ ಹೊರದೆ ಆಡಳಿತದ ಜುಟ್ಟನ್ನು ಮಾತ್ರ ಹಿಡಿದಿರುವ ಇಂತಹ ಬೆಂಬಲವನ್ನೇ ನಾವು ದೋಷಿಯೆಂದು ಎಣಿಸುತ್ತೇವೆ. ಹತ್ತು ದಿನ ಕಳೆದು ಅದೇ ರಂಗ, ಅದೇ ಕಾಂಗ್ರೆಸ್ಸಿನ ಬೆಂಬಲದಿಂದ, ಗುಜ್ರಾಲರ ಮುಖಂಡತ್ವದಲ್ಲಿ ಮತ್ತೆ ಅಧಿಕಾರಕ್ಕೆ ಬಂದಿತು. ಗೃಹಖಾತೆ ಇಂದ್ರಜಿತ್ ಗುಪ್ತರಿಗೇ ಉಳಿಯಿತು, ಹಣಕಾಸು ಕೆಲವು ದಿನಗಳ ತರುವಾಯ ಮತ್ತೆ ಚಿದಂಬರಂ ಅವರಿಗೇ ಬಂದಿತು.