ಶಾಲೆಯನ್ನುಳಿಸಿದ ಸಂಚಾರ

ನಮ್ಮ ವಿದ್ಯಾರ್ಥಿನಿಯರು ಬುತ್ತಿಯ ಗಂಟನ್ನೂ ಹಾಡಿನ ಪುಸ್ತಕವನ್ನೂ ಹಿಡಿದು ಸಂಚಾರಕ್ಕೆ ಹೊರಡುವುದನ್ನು ಕಂಡಾಗಲೆಲ್ಲಾ ನಮಗೆ ಬೇರೊಂದು ಶಾಲೆಯ ಮಕ್ಕಳ ಸಂಚಾರವು ನೆನಪಿಗೆ ಬರುತ್ತದೆ. ಅವರು ದೇಶ ನೋಡುವುದಕ್ಕಾಗಿ ಹೊರಟವರಲ್ಲ. ತಮ್ಮ ಶಾಲೆಯ ಬಾಗಿಲು ಮುಚ್ಚದಿರಲೆಂದು ಹೊರಟವರು.

ಅಮೇರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಗುಲಾಮಗಿರಿಯು 1865ರಲ್ಲಿ ಕಾನೂನಿನ ಮೂಲಕ ನಿಂತುಹೋಯಿತು. ಮರುವರ್ಷವೇ ಟೆನೆಸೀ ಪ್ರಾಂತದ ನ್ಯಾಷ್‌ವಿಲ್ ಪಟ್ಟಣದಲ್ಲಿ, ಯುದ್ಧಕಾಲದ ಸೈನಿಕರ ಆಸ್ಪತ್ರೆಯ ಕಟ್ಟಡಗಳಲ್ಲಿ, ಅಮೇರಿಕನ್ ಮಿಷನೆರಿ ಅಸೋಸಿಯೇಷನ್ ಎಂಬ ಸಂಘದ ಸಹಾಯದಿಂದ ಫಿಸ್ಕ್ ಶಾಲೆಯು ತೆರೆಯಲ್ಪಟ್ಟಿತು. ಗುಲಾಮರಿಗೆ ಅಕ್ಷರ ಕಲಿಸುವುದು ದಕ್ಷಿಣದ ಅನೇಕ ಪ್ರಾಂತಗಳಲ್ಲಿ ಅಪರಾಧವಾಗಿದ್ದುದರಿಂದ, ಅಲ್ಲಿ ಮಕ್ಕಳೊಡನೆ ಮುದುಕರೂ ಅಕ್ಷರಮಾಲೆಯನ್ನು ಹಿಡಿದು ಕುಳಿತರು. ಗುಲಾಮರನ್ನು ಕೂಡಿಹಾಕುತ್ತಿದ್ದ ದೊಡ್ಡಿಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಬೇಡಿಗಳನ್ನು ಆಯ್ದು, ಹಳೇ ಕಬ್ಬಿಣವೆಂದು ಮಾರಿ, ಆ ಹಣದಿಂದ ಪಾಠಪುಸ್ತಕಗಳನ್ನು ಕೊಂಡರೆಂದು ಅಲ್ಲಿನ ಎಲಾ ಶೆಪರ್ಡ್ ಎಂಬಾಕೆಯು ಬರೆದಿಟ್ಟಿದ್ದಾಳೆ.

ಐದು ವರ್ಷಗಳಲ್ಲಿ ಸಾಲವು ಹೆಚ್ಚಿತು. ಬೊಕ್ಕಸದ ಅಧಿಕಾರಿಯೂ ಸಂಗೀತದ ಉಪಾಧ್ಯಾಯನೂ ಆಗಿದ್ದ ಜಾರ್ಜ್ ವೈಟ್ ಎಂಬಾತನು ಒಂಭತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು 1871ನೆಯ ಅಕ್ಟೋಬರ್ 6ರಂದು ಉತ್ತರಕ್ಕೆ ಹೊರಟನು. ಅವರಲ್ಲಿ ಐವರು ಹೆಣ್ಣುಮಕ್ಕಳು. ಎಲಾ ಶೆಪರ್ಡಳು ಪಿಯಾನೋ ನುಡಿಸಿ ಉಳಿದವರನ್ನು ತಿದ್ದುವಳು. ಆಕೆಯ ತಂದೆಯು ಹಣ ತೆತ್ತು ಮಗಳನ್ನು ಬಿಡಿಸಿಕೊಂಡಿದ್ದನು. ಮಿನ್ನಿ ಟೇಟಳಿಗೆ ಆಗ ಸುಮಾರು 14 ವರ್ಷ. ನಮ್ಮ ಮೂರನೆಯ ಫಾರ್ಮಿನ ಹುಡುಗಿಯರು ಇದನ್ನು ಗಮನಿಸಲಿ.

ಮೊದಮೊದಲು ಅವರು ಬಿಳಿಯರ ರಂಗಗಳಲ್ಲಿ ರೂಢಿಯಾಗಿದ್ದ ಹಾಡುಗಳನ್ನೇ ಹಾಡಿದರು. ತಾಯಿತಂದೆಗಳು ಹೊಲದಲ್ಲಿ ದುಡಿಯುತ್ತಲೂ ರಾತ್ರಿ ಗುಟ್ಟಾಗಿ ಕೂಡಿ ಪ್ರಾರ್ಥಿಸುತ್ತಲೂ ಹಾಡುತ್ತಿದ್ದ ಪದಗಳನ್ನು ಅನ್ಯರ ಮುಂದೆ ಹಾಡಲು ಅವರಿಗೆ ಮನಸ್ಸೊಪ್ಪಲಿಲ್ಲ. ಅವು ಪವಿತ್ರವೆಂಬ ಭಾವನೆಯೂ, ದಾಸ್ಯದ ಗುರುತೆಂಬ ನಾಚಿಕೆಯೂ ಕೂಡಿ ಬಾಯಿ ಕಟ್ಟಿದ್ದವು. ಅಜ್ಜಿಯ ಬೀಸುವ ಪದವನ್ನು ಶಾಲೆಯಲ್ಲಿ ಹಾಡೆಂದರೆ ತಲೆ ತಗ್ಗಿಸುವ ಹುಡುಗಿಯರನ್ನು ನಾವೂ ಕಂಡಿದ್ದೇವೆ. ಆದರೆ ಇವರ ನಾಚಿಕೆಯ ಹಿಂದೆ ಇದ್ದುದು ಚಾವಟಿ. ಆ ಪದಗಳ ಕ್ರಮವೇ ಬೇರೆ. ಒಬ್ಬನು ಸಾಲನ್ನೆತ್ತುವನು, ಉಳಿದವರೆಲ್ಲರೂ ಕೂಡಿ ಉತ್ತರ ಕೊಡುವರು. ಓದುಬಾರದವರಿಗೂ ಹೀಗೆ ಪಾಠವಾಗುವುದು. ಐಗುಪ್ತವನ್ನೂ ಯೊರ್ದನನ್ನೂ ಕುರಿತು ಹಾಡಿದರೆ ಯಜಮಾನನಿಗೆ ಅದು ಸತ್ಯವೇದದ ಕಥೆಯಾಗಿ ಕೇಳಿಸುವುದು. ಹಾಡಿದವರಿಗಾದರೋ ತಮ್ಮ ಸ್ವಂತ ಬಿಡುಗಡೆಯ ಮಾತೂ ಆಗಬಹುದಾಗಿತ್ತು.

ದಾರಿಯಲ್ಲಿ ಚಳಿ, ಹಸಿವು, ಚರ್ಮದ ಬಣ್ಣವನ್ನು ಕಂಡು ಬಾಗಿಲು ಮುಚ್ಚುವ ವಸತಿಗೃಹಗಳು. ಷಿಕಾಗೋ ನಗರವು ಬೆಂಕಿಗೆ ಆಹುತಿಯಾದ ವರ್ತಮಾನ ಬಂದಾಗ, ತಮ್ಮ ಜೇಬೇ ಬರಿದಾಗಿದ್ದರೂ, ಒಂದು ಕಚೇರಿಯಲ್ಲಿ ಕೂಡಿದ ಅಲ್ಪ ಹಣವನ್ನು ಆ ಸಂತ್ರಸ್ತರಿಗೆ ಕೊಟ್ಟುಬಿಟ್ಟರು. ಲೆಕ್ಕ ಬರೆಯುವವರಿಗೆ ಇದು ಅವಿವೇಕವೆಂದು ತೋರೀತು. ನಮಗೆ ಹಾಗೆ ತೋರುವುದಿಲ್ಲ. ಕೊಲಂಬಸ್ ಪಟ್ಟಣದಲ್ಲಿ ವೈಟನು, ಯಾಜಕಕಾಂಡದ 25ನೆಯ ಅಧ್ಯಾಯದಲ್ಲಿ ಹೇಳಿರುವ ಬಿಡುಗಡೆಯ ಸಂವತ್ಸರವನ್ನು ನೆನೆದು, ತಂಡಕ್ಕೆ ಜೂಬಿಲಿ ಗಾಯಕರೆಂದು ಹೆಸರಿಟ್ಟನು. ನವೆಂಬರಿನಲ್ಲಿ ಓಬರ್ಲಿನ್ ಊರಿನ ಸಭಾಪಾಲಕರ ಕೂಟದಲ್ಲಿ ಅವರು ತಾಯಂದಿರ ಪದವೊಂದನ್ನು ಮೆಲ್ಲನೆ ಎತ್ತಲು, ಗುಜುಗುಜು ನಿಂತು ಸಭೆಯೆಲ್ಲಾ ಕಿವಿಯಾಯಿತು. ಅಲ್ಲಿಂದ ಮುಂದೆ ಆ ಪದಗಳೇ ಅವರ ಮುಖ್ಯ ಸಂಪತ್ತಾದವು.

1872ರಲ್ಲಿ ಅಧ್ಯಕ್ಷ ಗ್ರಾಂಟನ ಮುಂದೆಯೂ, 1873ರಲ್ಲಿ ಇಂಗ್ಲೆಂಡಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು. ಕೂಡಿದ ಹಣದಿಂದ ಜೂಬಿಲಿ ಹಾಲ್ ಎಂಬ ದೊಡ್ಡ ಕಟ್ಟಡವು ಎದ್ದು, 1876ನೆಯ ಜನವರಿ 1ರಂದು ಪ್ರತಿಷ್ಠೆಯಾಯಿತು. ತರುವಾಯ ಫ್ರೆಡರಿಕ್ ಲೌಡಿನ್ ನಡೆಸಿದ ತಂಡವು ನಮ್ಮ ಭಾರತಕ್ಕೂ ಬಂದು ತಾಜಮಹಲಿನೊಳಗೆ ಹಾಡಿತು.

ಫಿಸ್ಕ್ ಈಗ ವಿಶ್ವವಿದ್ಯಾಲಯ. ಅದರ ಗಾಯಕರ ತಂಡವು 2021ರಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆಯಿತು. ಅಕ್ಟೋಬರ್ 6ನ್ನು ಅಲ್ಲಿ ಜೂಬಿಲಿ ದಿನವೆಂದು ಆಚರಿಸುತ್ತಾರೆ. ಆ ದಿನ ಗಾಯಕರು ನ್ಯಾಷ್‌ವಿಲ್‌ನ ಹಳೇ ಸ್ಮಶಾನಕ್ಕೆ ಹೋಗಿ, ಎಲಾ ಶೆಪರ್ಡಳ ಸಮಾಧಿಯ ಬಳಿ ನಿಂತು, ವಾದ್ಯವಿಲ್ಲದೆ ಹಾಡುತ್ತಾರೆ.